ಕಾರ್ಟೂನಿಗೆ ಹಾಕಿದ ಲಾಕ್

ನಾನು ಟಿವಿ ರಿಪೇರಿಯವ. ಕಾರ್ಟೂನ್ ಚಾನೆಲ್‌ಗೆ ಲಾಕ್ ಹಾಕಬೇಕು ಅಂತ ರಾವೂರದ ಒಂದು ಮನೆಯಿಂದ ಫೋನ್ ಬಂತು. ಹೋದರೆ, ಒಂದೇ ಮಂಚದ ಮೇಲೆ ಇಬ್ಬರು ಮುದುಕರು, ಅಣ್ಣ-ತಮ್ಮ, ಬೆನ್ನು ತಿರುಗಿಸಿ ಕೂತಿದ್ದರು. ಮನೆ ಪಾಲಾದಾಗಿನಿಂದ ಅವರಿಗೆ ಮಾತಿಲ್ಲ. ಟಿವಿ ಮಾತ್ರ ಪಾಲಾಗದೆ ನಡುಮನೆಯಲ್ಲೇ ಉಳಿದಿತ್ತು.

"ಆ ಕಾರ್ಟೂನ್‌ದಾಗ ಅಕ್ಕ-ತಮ್ಮ ಬರೇ ಬಡದಾಡ್ತಾರ್ರಿ. ನೋಡಿ ನೋಡಿ ನಮ್ಮ ಹುಡುಗ್ರು ಕೆಡಾಕತ್ತಾರ," ಅಂದರು ಅಣ್ಣ.

"ಖರೇ ಹೇಳಾಕತ್ತಾನ ಅಂತ ಅವಂಗ ಹೇಳ್ರಿ," ಅಂದರು ತಮ್ಮ, ನನಗೆ.

ಲಾಕಿನ ನಂಬರ್ ಒಬ್ಬರಿಗೆ ಗೊತ್ತಾಗುವುದು ಇನ್ನೊಬ್ಬರಿಗೆ ಬೇಡ. ಕೊನೆಗೆ ಅಣ್ಣ ನನ್ನ ಬಲಗಿವಿಯಲ್ಲಿ ಎರಡು ಅಂಕಿ ಉಸುರಿದರು, ತಮ್ಮ ಎಡಗಿವಿಯಲ್ಲಿ ಎರಡು. ನಾಲ್ಕನ್ನೂ ಕೂಡಿಸಿ ಲಾಕ್ ಹಾಕಿದೆ.

ನಾನು ಚಹಾ ಕುಡಿಯುವಷ್ಟರಲ್ಲಿ ಕಾರ್ಟೂನಿನ ಹಾಡು ಕೇಳಿಸಿತು. ಮೊಮ್ಮಗಳು ದೊಡ್ಡಜ್ಜನ ಕೊರಳಿಗೆ ಬಿದ್ದು ಅರ್ಧ ನಂಬರ್ ತಂದಿದ್ದಳು, ಅವಳ ತಮ್ಮ ಸಣ್ಣಜ್ಜನ ತೊಡೆ ಏರಿ ಉಳಿದರ್ಧ. ಮಕ್ಕಳಿಬ್ಬರೂ ಒಂದೇ ತಾಟಿನ ಚುರುಮುರಿ ತಿನ್ನುತ್ತ ಕೂತಿದ್ದರು.

"ನೋಡ್ರಿ, ಈ ಟಿವಿ ಹುಡುಗ್ರನ್ನ ಹ್ಯಾಂಗ ಕೆಡಿಸ್ಯಾದ!" ಅಂತ ಮುದುಕರಿಬ್ಬರೂ ಒಂದೇ ದನಿಯಲ್ಲಿ ಕೂಗಿದರು.

ಪಾಲಾದ ಮೇಲೆ ಅವರಿಬ್ಬರ ಮಾತು ಕೂಡಿದ್ದು ಅದೇ ಮೊದಲಂತೆ. ಮತ್ತೆ ಲಾಕ್ ಹಾಕಲು ನನಗೆ ಮನಸ್ಸೇ ಬರಲಿಲ್ಲ.