ಯಜಮಾನರ ವೀಸಾದಲ್ಲಿದ್ದ ಡಾಕ್ಟರ್

ಒಬ್ಬ ಅಧ್ಯಾಪಕಿಯ ವೃತ್ತಿಜೀವನವನ್ನು ನಮ್ಮ ಕಾಲೇಜಿನ ಆಡಳಿತ ಮಂಡಳಿಯೂ ವಿಭಾಗದ ಮುಖ್ಯಸ್ಥರೂ ಸೇರಿ ಕೊಂದರು. ಇದಕ್ಕಿಂತ ಮೆತ್ತಗಿನ ಮಾತು ನನ್ನಲ್ಲಿಲ್ಲ.

ಕಳೆದ ವಾರ ಅದೇ ವಿಭಾಗದಲ್ಲಿ, ಉಪನ್ಯಾಸಕಿಯಾಗಿ ನಾನು ಕುಳಿತ ಮೊದಲ ಸಭೆ. ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಕಹ್ವಾದ ವಾಸನೆ ಮೂಗಿಗೆ ಬಡಿಯಿತು. ಮುಖ್ಯಸ್ಥರು ಫ್ಲಾಸ್ಕನ್ನು ನನ್ನತ್ತ ಸರಿಸಿ, "ಮೇಡಂ, ನೀವೇ ಹಾಕಿಬಿಡಿ" ಎಂದರು. ಮೇಜಿನ ಸುತ್ತ ಹೆಂಗಸೆಂದರೆ ನಾನೊಬ್ಬಳೇ. ಆ ವಾಸನೆಯ ಹಿಂದೆಯೇ ಅಕ್ಕ ನೆನಪಾಗಿ ಬಂದು ನಿಂತರು...

ನಾನು ಓದುವಾಗ ಅವರು ಒಮಾನ್‌ನ ಅಲ್ ಅಮೇರಾತ್‌ನಲ್ಲಿ ನಮ್ಮ ಕೆಳಗಿನ ಮನೆಯವರು, ಮೈಸೂರಿನವರು. ಮನೆಯಲ್ಲಿ ಅಕ್ಕ, ಕಾಲೇಜಿನಲ್ಲಿ ನನ್ನ ಅಧ್ಯಾಪಕಿ. ಸಮುದ್ರದ ನೀರನ್ನು ಕುಡಿಯುವ ನೀರಾಗಿಸುವ ವಿದ್ಯೆಯಲ್ಲಿ ಡಾಕ್ಟರೇಟ್ ಪಡೆದಿದ್ದರು. ಆ ವಿಷಯದ ಹೊಸ ಕೋರ್ಸನ್ನು ಮೊದಲ ಪಾಠದಿಂದ ಕೊನೆಯ ಪ್ರಯೋಗದವರೆಗೆ ಕಟ್ಟಿದವರು ಅವರೇ. ಅದರ ಸಂಯೋಜಕಿಯಾಗಬೇಕೆಂಬ ಆಸೆಯನ್ನು ಅವರು ಮುಚ್ಚಿಡಲಿಲ್ಲ. ಸಭೆಗಳಲ್ಲಿ ಅವರ ಕೈಗೆ ಬರುತ್ತಿದ್ದುದು ಮಾತ್ರ ಫ್ಲಾಸ್ಕು. "ಕಾಫಿ ಸುರಿಯೋಕೆ ಪಿಎಚ್‌ಡಿ ಬೇಕು ಅಂತ ಗೊತ್ತಿದ್ದಿದ್ರೆ, ನಮ್ಮಮ್ಮನೇ ಗೈಡ್ ಆಗ್ತಿದ್ರು ಕಣೇ" ಎಂದು ಮನೆಗೆ ಮರಳುವಾಗ ಕಾರಿನಲ್ಲಿ ನಗುತ್ತಿದ್ದರು.

ಅತಿಥಿಯು ಬಟ್ಟಲನ್ನು ಅಲುಗಿಸಿ ಸಾಕೆಂದು ತಿಳಿಸುವವರೆಗೂ ಕಹ್ವಾ ಸುರಿಯುತ್ತಿರುವುದು ಇಲ್ಲಿನ ಮರ್ಯಾದೆ. ಅಕ್ಕನ ಮೇಲೆ ಕೆಲಸವನ್ನೂ ಹಾಗೆಯೇ ಸುರಿದರು. ರಜೆ ಹಾಕಿದವರ ತರಗತಿಗಳು, ಬೀಳ್ಕೊಡುಗೆಯ ಕೇಕು, ಅತಿಥಿಗಳ ಹೂಗುಚ್ಛ... ಅವರು ಅಲುಗಿಸಲಿಲ್ಲ. ಹುದ್ದೆಗಾಗಿ ಕಾದರು.

ಸಂಯೋಜಕರ ಹೆಸರು ಘೋಷಣೆಯಾದ ದಿನ ವಿದ್ಯಾರ್ಥಿ ಪ್ರತಿನಿಧಿಯಾಗಿ ನಾನೂ ಸಭೆಯಲ್ಲಿದ್ದೆ. ಅಕ್ಕ ಫ್ಲಾಸ್ಕು ಹಿಡಿದು ನಿಂತಿದ್ದಾಗಲೇ, ಅವರಿಂದ ಪ್ರಯೋಗ ಕಲಿತ ಕಿರಿಯ ಸಹೋದ್ಯೋಗಿಯೊಬ್ಬರ ಹೆಸರನ್ನು ಓದಲಾಯಿತು. ಅಕ್ಕ ಕಾರಣ ಕೇಳಿದರು.

"ನಿಮ್ಮದು ಯಜಮಾನರ ವೀಸಾ ಅಲ್ವಾ ಡಾಕ್ಟ್ರೇ?" ಎಂದರು ಮುಖ್ಯಸ್ಥರು, ಅವರೂ ನಮ್ಮ ಕಡೆಯವರೇ. "ನಾಳೆ ಅವರು ಗಂಟುಮೂಟೆ ಕಟ್ಟಿದ್ರೆ ಕೋರ್ಸು ಖಲಾಸ್!"

ಎಲ್ಲರೂ ನಕ್ಕರು. ಅಕ್ಕ ಫ್ಲಾಸ್ಕನ್ನು ಕೆಳಗಿಟ್ಟು, ಒಂದು ಖಾಲಿ ಬಟ್ಟಲನ್ನೆತ್ತಿ, ಮುಖ್ಯಸ್ಥರ ಮುಖದೆದುರು ಅಲುಗಿಸಿದರು. "ನೀವಿನ್ನೂ ಕುಡಿದೇ ಇಲ್ವಲ್ಲ ಮೇಡಂ" ಎಂದು ಯಾರೋ ತಮಾಷೆ ಮಾಡಿದರು. ಹಿರಿಯ ಒಮಾನಿ ಅಧ್ಯಾಪಕರೊಬ್ಬರು ಮಾತ್ರ ತಲೆ ತಗ್ಗಿಸಿದರು. ಅವರಿಗೆ ಅರ್ಥವಾಗಿತ್ತು.

ವರ್ಷಾಂತ್ಯಕ್ಕೆ ಅಕ್ಕನ ಒಪ್ಪಂದವನ್ನು ನವೀಕರಿಸಲಿಲ್ಲ. ಹುದ್ದೆ ಪಡೆದವರು ಮರುವರ್ಷವೇ ಬೇರೆ ದೇಶಕ್ಕೆ ಹೋದರು. ಅಕ್ಕನ ಯಜಮಾನರು ಇಂದಿಗೂ ಅದೇ ಕಂಪನಿಯಲ್ಲಿ, ಅದೇ ವೀಸಾದಲ್ಲಿ ಇದ್ದಾರೆ. ಅಕ್ಕ ಈಗ ವಾದಿ ಕಬೀರ್‌ನ ಬಾಡಿಗೆ ಮನೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ಕಳೆದ ಸಲ ಹೋದಾಗ, "ಡಾಕ್ಟರ್ ಅಂತ ಕರೀಬೇಡ ಕಣೇ, ಮಕ್ಕಳು ಜ್ವರದ ಮಾತ್ರೆ ಕೇಳ್ತಾರೆ" ಎಂದರು. ನಗಲಿಲ್ಲ. ಪ್ರಯೋಗಾಲಯದ ಸುದ್ದಿಯನ್ನೂ ಕೇಳಲಿಲ್ಲ... ನನ್ನನ್ನು ವಿಜ್ಞಾನಕ್ಕೆ ಎಳೆದು ತಂದ ಆ ಹೆಂಗಸು ಅಲ್ಲಿರಲಿಲ್ಲ.

ಕಳೆದ ವಾರ ನಾನು ಫ್ಲಾಸ್ಕನ್ನು ಮುಟ್ಟಲಿಲ್ಲ. ನನ್ನ ಮುಂದಿದ್ದ ಖಾಲಿ ಬಟ್ಟಲನ್ನು ಅಲುಗಿಸಿ, ಮುಖ್ಯಸ್ಥರತ್ತ ಸರಿಸಿದೆ. ಈ ಬಾರಿ ಯಾರೂ ನಗಲಿಲ್ಲ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನ ಬಹಿರಂಗ ವಿನಂತಿ: ಒಬ್ಬ ವಿಜ್ಞಾನಿಯ ಅರ್ಹತೆಯನ್ನು ಆಕೆಯ ಗಂಡನ ವೀಸಾದಿಂದ ಅಳೆದದ್ದೇಕೆ ಎಂಬುದಕ್ಕೆ ಲಿಖಿತ ಉತ್ತರ ನೀಡಿ. ಆ ಕೋರ್ಸಿನ ಮೇಲೆ ಅದನ್ನು ಕಟ್ಟಿದವರ ಹೆಸರನ್ನು ಮುದ್ರಿಸಿ. ಅವರ ಹುದ್ದೆಯನ್ನು ಅವರಿಗೆ ಕೊಡಿ. ಕರೆಯಲು ಹೋಗುವಾಗ ಡಾಕ್ಟರ್ ಎಂದೇ ಕರೆಯಿರಿ.