ನೀರುಗಂಟಿಯ ಮಗನ ಪೆನ್‌ಡ್ರೈವ್

ಹೋದ ತಿಂಗಳು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರು ಮುನಿಸಿಕೊಂಡು ಕೂತಿತ್ತು. ಅದರ ಕಾಯಿಲೆ ಏನೆಂದು ತಿಳಿಯಲು ನಾನು ಒಂದು ಪೆನ್‌ಡ್ರೈವ್ ಚುಚ್ಚಿದೆ. ಕಂಪ್ಯೂಟರುಗಳಿಗೆ ತಮ್ಮಷ್ಟಕ್ಕೆ ತಾವು ದಿನಚರಿ ಬರೆದುಕೊಳ್ಳುವ ಚಟವಿದೆ. ಪರದೆಯ ಮೇಲೆ ಆ ದಿನಚರಿಯ ಹೊಸ ಸಾಲೊಂದು ಮೂಡಿತು. ಕನ್ನಡದಲ್ಲಿ ಹೇಳುವುದಾದರೆ, 'ಸ್ಕಸಿ ಡಿಸ್ಕೊಂದು ಬಂದು ಸೇರಿಕೊಂಡಿದೆ' ಎಂದು. ನೀವು ದಿನಕ್ಕೆ ಹತ್ತು ಸಲ ಪೆನ್‌ಡ್ರೈವ್ ಚುಚ್ಚುತ್ತೀರಿ, ಈ ಸಾಲನ್ನು ಎಂದೂ ನೋಡಿರಲಾರಿರಿ. ನೋಡಬೇಕಾದ ಅಗತ್ಯವೂ ಇಲ್ಲ. ನನಗೆ ಮಾತ್ರ ಅದು ಕಂಡಾಗಲೆಲ್ಲ ತೆರಕಣಾಂಬಿ ಕಡೆಯ ಮಾದೇಶ ನೆನಪಾಗುತ್ತಾನೆ.

ಎರಡು ಸಾವಿರದ ಐದೋ ಆರೋ ಇರಬೇಕು. ಚಾಮರಾಜನಗರದ ಕಾಲೇಜೊಂದರಲ್ಲಿ ನಾವಿಬ್ಬರೂ ಟೆಂಪರರಿಗಳು. ಅವನು ಇತಿಹಾಸದ ಅತಿಥಿ ಉಪನ್ಯಾಸಕ, ನಾನು ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ. ಅತಿಥಿ ಎಂದು ಕರೆದು ಊಟಕ್ಕೆ ಹಾಕದ ವ್ಯವಸ್ಥೆ ನಮ್ಮಲ್ಲಿ ಮಾತ್ರ ಇರಬೇಕು. ದಿನಾ ತೆರಕಣಾಂಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮಾದೇಶ ಎರಡು ಪೀರಿಯಡ್ಡುಗಳ ನಡುವೆ ನನ್ನ ಲ್ಯಾಬಿಗೆ ಬಂದು ಕೂರುತ್ತಿದ್ದ. ಸ್ಟಾಫ್ ರೂಮಿನ ಫ್ಯಾನಿನ ಕೆಳಗಿನ ಕುರ್ಚಿಗಳೆಲ್ಲ ಪರ್ಮನೆಂಟಿನವರಿಗೆ ಮೀಸಲಾಗಿದ್ದವು.

ಅವನ ಅಪ್ಪ ಊರ ಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಯಾವ ಹೊತ್ತು ನೀರು ಎಂದು ಹಂಚುವ ಕೆಲಸ ಅವರ ಮನೆಯಲ್ಲಿ ತಲೆತಲಾಂತರದಿಂದ ಬಂದದ್ದು. ಕೆರೆಗೆ ನೀರು ಬರುವುದು ನಿಂತ ಮೇಲೆ ಆ ಕೆಲಸವೂ ನಿಂತಿತು. ಮಾದೇಶ ಪಿಎಚ್.ಡಿ.ಗೆ ಹಿಡಿದದ್ದು ಇದೇ ವಿಷಯವನ್ನು. ಗುಂಡ್ಲುಪೇಟೆ ತಾಲೂಕಿನ ಊರೂರು ತಿರುಗಿ, ಉಳಿದಿದ್ದ ಮುದುಕ ನೀರುಗಂಟಿಗಳನ್ನು ಹುಡುಕಿ, ಅವರ ಬಾಯಿಂದ ಕೇಳಿ ಬರೆದುಕೊಂಡಿದ್ದ. ಎಲ್ಲರಿಗಿಂತ ಹೆಚ್ಚು ಮಾತು ಅವನ ಅಪ್ಪನದೇ. ಒಮ್ಮೊಮ್ಮೆ ಟೈಪು ಮಾಡಿದ್ದನ್ನು ನನಗೆ ಓದಿ ಹೇಳುತ್ತಿದ್ದ. ಅದರಲ್ಲಿ ಒಂದು ಮಾತು ನನಗಿನ್ನೂ ಬಾಯಿಪಾಠವಾಗಿದೆ: "ನೀರು ಕಮ್ಮಿ ಆದ ವರ್ಸ ಕಡೇ ಗದ್ದೆಗೆ ಮೊದ್ಲು ಬುಡ್ಬೇಕು ಕಣ್ಲಾ. ತೂಬಿನ ಮಗ್ಗುಲವನು ಎಂಗೂ ಕದ್ದು ಕುಡೀತಾನೆ." ಇದನ್ನು ಓದುವಾಗ ಅವನು ದನಿಯನ್ನೂ ಅಪ್ಪನ ಹಾಗೆ ಮಾಡಿಕೊಳ್ಳುತ್ತಿದ್ದ. ಆ ವೇಳೆಗೆ ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು.

ಬರೆದುಕೊಂಡ ನೋಟುಪುಸ್ತಕಗಳು? ಟೈಪಾಯಿತಲ್ಲ ಎಂದು ಅಟ್ಟಕ್ಕೆ ಸೇರಿಸಿದ್ದ, ಗೆದ್ದಲು ತನ್ನ ಸಂಶೋಧನೆ ಮುಗಿಸಿತ್ತು. ಪುಸ್ತಕ ಯಾಕೆ, ಕಂಪ್ಯೂಟರಿಗೆ ಗೆದ್ದಲು ಹತ್ತುವುದಿಲ್ಲ ಎಂದು ಧೈರ್ಯ ಹೇಳಿದವನು ನಾನೇ. ಮೈಸೂರಿಗೆ ಹೋದವರಿಂದ ಒಂದು ಪೆನ್‌ಡ್ರೈವ್ ತರಿಸಿ, ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಇದರಲ್ಲಿ ಒಂದು ಪ್ರತಿ ಇಟ್ಟುಕೋ ಎಂದು ಕಲಿಸಿಕೊಟ್ಟವನೂ ನಾನೇ. ನಮ್ಮ ಕಡೆ ಆಗ ಪೆನ್‌ಡ್ರೈವ್ ಎಂದರೆ ಅಪರೂಪದ ವಸ್ತು. ಅವನು ಅದಕ್ಕೆ ದಾರ ಹಾಕಿ ಕುತ್ತಿಗೆಗೆ ಕಟ್ಟಿಕೊಂಡು ಅಂಗಿಯೊಳಗೆ ಬಿಟ್ಟುಕೊಳ್ಳುತ್ತಿದ್ದ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಲ್ಯಾಬಿನಲ್ಲಿದ್ದವು ಯಾರೋ ಬಳಸಿ ಬಿಟ್ಟ ಹಳೆಯ ಯಂತ್ರಗಳು. ಅವುಗಳಿಗೆ ಲಿನಕ್ಸ್ ಹಾಕಿ ಹೊಸ ಜೀವ ಕೊಡುತ್ತೇನೆಂದು ನಾನು ಪಣ ತೊಟ್ಟಿದ್ದೆ. ಲಿನಕ್ಸಿನ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಅದನ್ನು ನಾವೇ ಕಟ್ಟಿಕೊಳ್ಳಬಹುದು. ಕಟ್ಟುವ ಮುಂಚೆ ಅದು ನೂರಾರು ಪ್ರಶ್ನೆ ಕೇಳುತ್ತದೆ. ಇಂಥ ಸಾಧನ ಬಂದರೆ ಗುರುತು ಹಿಡಿಯಬೇಕೇ, ಅಂಥ ಡಿಸ್ಕನ್ನು ಓದಬೇಕೇ, ಬೇಕಾದರೆ 'ವೈ' ಒತ್ತಿ, ಬೇಡವಾದರೆ 'ಎನ್' ಒತ್ತಿ. ಪ್ರತಿ ಪ್ರಶ್ನೆಯ ಜೊತೆಗೂ ಒಂದು ಟಿಪ್ಪಣಿ, ಬಹಳಷ್ಟು ಟಿಪ್ಪಣಿಗಳ ಕೊನೆಗೆ 'ಖಚಿತವಿಲ್ಲದಿದ್ದರೆ ಎನ್ ಎನ್ನಿ' ಎಂಬ ಬುದ್ಧಿಮಾತು. ನನಗಂತೂ ಆ ಮಾತು ಬಹಳ ಹಿಡಿಸಿತ್ತು. ಬೇಡದ್ದನ್ನೆಲ್ಲ ಬಿಟ್ಟಷ್ಟೂ ಕರ್ನಲ್ ಸಣ್ಣದಾಗುತ್ತದೆ, ಹಳೆಯ ಯಂತ್ರ ಚುರುಕಾಗುತ್ತದೆ. ಮದುವೆಗೆ ಕರೆಯುವವರ ಪಟ್ಟಿಯಿಂದ ಹೆಸರು ಹೊಡೆಯುವ ಜಿಪುಣನ ಸಂತೋಷದಲ್ಲಿ ನಾನು ಎನ್, ಎನ್, ಎನ್ ಎಂದು ಒತ್ತುತ್ತಾ ಹೋದೆ.

ಹಾಗೆ ಒತ್ತುವಾಗ 'ಸ್ಕಸಿ ಡಿಸ್ಕ್ ಬೇಕೇ' ಎಂಬ ಪ್ರಶ್ನೆಯೂ ಬಂದಿತ್ತು. ಸ್ಕಸಿ ಎಂದರೆ ದೊಡ್ಡ ದೊಡ್ಡ ಕಚೇರಿಗಳ ದುಬಾರಿ ಡಿಸ್ಕು ಎಂದು ಎಲ್ಲೋ ಓದಿದ್ದೆ. ಅರಿಸಿನದ ಮಂಡಿ, ರೇಷ್ಮೆ ಗೂಡು, ಜಿಲ್ಲಾ ಕಚೇರಿಗಳ ನಮ್ಮ ಊರಿಗೆ ಅದೆಲ್ಲಿಂದ ಬರಬೇಕು? ಎನ್. ಟಿಪ್ಪಣಿಯನ್ನು ಓದಲೂ ಇಲ್ಲ. ಪೆನ್‌ಡ್ರೈವ್ ಬೇಕೇ ಎಂದು ಕೇಳಿದ್ದಕ್ಕೆ ಮಾತ್ರ, ಮಾದೇಶನ ನೆನಪಾಗಿಯೇ, ವೈ ಒತ್ತಿದ್ದೆ. ಅಷ್ಟಾದ ಮೇಲೆ ಕರ್ನಲ್ ಕಟ್ಟಿಕೊಳ್ಳಲು ಹಗಲಿಡೀ ಬೇಕು, ನಡುವೆ ಕರೆಂಟು ಹೋದರೆ ಹೆಚ್ಚುಕಮ್ಮಿ ಮೊದಲಿನಿಂದ. ಮೂರು ದಿನ ಕಾವಿಗೆ ಕೂತ ಕೋಳಿಯಂತೆ ಕೂತು ಎದ್ದೆ. ಯಂತ್ರ ಹೊತ್ತಿಕೊಂಡಾಗ ಅದರ ವೇಗ ನೋಡಿ, ಚಾಮರಾಜನಗರ ಜಿಲ್ಲೆಯಲ್ಲಿ ಈ ವಿದ್ಯೆ ಬಲ್ಲವನು ನಾನೊಬ್ಬನೇ ಎಂದುಕೊಂಡೆ. ನಿಜವೂ ಇರಬಹುದು. ಅದರಿಂದ ಜಿಲ್ಲೆಗೇನೂ ಉಪಕಾರವಾಗಲಿಲ್ಲ.

ಆ ಬೇಸಿಗೆಯ ಮೊದಲ ಮಳೆಗೆ ಮಾದೇಶನ ಮನೆಯ ಪಕ್ಕದ ಕಂಬಕ್ಕೆ ಸಿಡಿಲು ಹೊಡೆಯಿತು. ಮನೆಯ ಕಂಪ್ಯೂಟರು ಸುಟ್ಟುಹೋಯಿತು. ಆ ಹೊತ್ತಿನಲ್ಲಿ ಪೆನ್‌ಡ್ರೈವೂ ಅದಕ್ಕೆ ಚುಚ್ಚಿಕೊಂಡೇ ಇತ್ತು. ಮರುದಿನ ಅವನು ಎರಡನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಬಂದ. ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಬಿಚ್ಚಿ ನೋಡಿದೆ, ಸುಟ್ಟ ವಾಸನೆ, ತಿರುಗಲೇ ಇಲ್ಲ. ಪೆನ್‌ಡ್ರೈವನ್ನು ಅವನು ಬರುವ ದಾರಿಯಲ್ಲೇ ಒಂದು ಟೈಪಿಂಗ್ ಅಂಗಡಿಯಲ್ಲಿ ತೋರಿಸಿದ್ದನಂತೆ. ಅಲ್ಲಿಯ ಹಳೆಯ ವಿಂಡೋಸು ಅದನ್ನು ಓದಲು ಯಾವುದೋ ಸಿ.ಡಿ. ಕೊಡು ಎಂದು ಕೇಳಿ ಕೈಕಟ್ಟಿ ಕೂತಿತಂತೆ. ಅಂಗಡಿಯವನು ಇದು ಕೆಟ್ಟಿದೆ ಎಂದುಬಿಟ್ಟಿದ್ದ. ಆದರೆ ಮಾದೇಶನಿಗೆ ನನ್ನ ಮೇಲೆ ನಂಬಿಕೆ. ನನ್ನ ಚುರುಕಾದ ಯಂತ್ರಕ್ಕೆ ಚುಚ್ಚಿದೆ, ಹೊಸ ಕರ್ನಲ್ ಕಟ್ಟಿದ ಮೇಲೆ ಪೆನ್‌ಡ್ರೈವ್ ಚುಚ್ಚಿದ್ದು ಅದೇ ಮೊದಲು. ಪೆನ್‌ಡ್ರೈವಿನ ಕೆಂಪು ದೀಪ ಮಿಣುಕಿತು. ಪರದೆಯ ಮೇಲೆ ಅದನ್ನು ತಯಾರಿಸಿದ ಕಂಪನಿಯ ಹೆಸರೂ ಬಂತು. ಡಿಸ್ಕು ಮಾತ್ರ ಕಾಣಲಿಲ್ಲ. ತೆಗೆದೆ, ಹಾಕಿದೆ, ಇನ್ನೊಂದು ಯಂತ್ರಕ್ಕೆ ಹಾಕಿದೆ. ಅದಕ್ಕೂ ನನ್ನದೇ ಕರ್ನಲ್. ಲ್ಯಾಬಿನ ತುಂಬ ಹುಡುಗರು ನನ್ನ ಕೈಯನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎನ್ನಲು ನಾಲಗೆ ಹೊರಳಲಿಲ್ಲ.

"ಇದು ಸತ್ತಿದೆ ಮಾದೇಶ್," ಎಂದೆ.

"ಲೈಟು ಬತ್ತಾ ಅದಲ್ಲ ಸಾ?"

ಸಾರ್ ಎನ್ನುವುದನ್ನು ಅವನು ಹಾಗೇ ಎಳೆಯುತ್ತಿದ್ದ. ದೀಪಕ್ಕೆ ಕರೆಂಟು ಬರುತ್ತಿದೆ ಅಷ್ಟೆ, ಒಳಗೆಲ್ಲ ಸುಟ್ಟಿದೆ ಎಂದು ನಾನು ಪಾಠ ಹೇಳಿದೆ. ಅವನು ಅದನ್ನು ತೆಗೆದು ಮತ್ತೆ ಕುತ್ತಿಗೆಗೆ ಹಾಕಿಕೊಂಡು ಕ್ಲಾಸಿಗೆ ಹೋದ.

ಮತ್ತೆ ಬರೆಯಲು ಅವನು ಪ್ರಯತ್ನಪಡಲಿಲ್ಲವೆಂದಲ್ಲ. ಮಾತು ಕೊಟ್ಟಿದ್ದ ಮುದುಕರಲ್ಲಿ ಹಲವರು ಅಷ್ಟರಲ್ಲಿ ತೀರಿಕೊಂಡಿದ್ದರು. ಅಪ್ಪನ ಮುಂದೆ ಕಾಗದ ಹಿಡಿದು ಕೂತರೆ ಮುದುಕನ ಕಣ್ಣಲ್ಲಿ ನೀರು ಬರುತ್ತಿತ್ತೇ ಹೊರತು ಬಾಯಿ ಆಡುತ್ತಿರಲಿಲ್ಲ. ಮಾರ್ಗದರ್ಶಕರು ಹೊಸ ವಿಷಯ ತೆಗೆದುಕೋ ಎಂದರು. ಮಾದೇಶ ನನ್ನ ಲ್ಯಾಬಿಗೆ ಬರುವುದು ಕಡಿಮೆಯಾಯಿತು. ನನಗೂ ಒಳಗೊಳಗೇ ಅದರಿಂದ ನಿರಾಳವಾಯಿತೆಂದು ಹೇಳಿಬಿಡುತ್ತೇನೆ. ಸೋತವನ ಎದುರು ಕೂರುವುದು ಕಷ್ಟ.

ಎಂಟೊಂಬತ್ತು ತಿಂಗಳು ಕಳೆದವು. ಚಳಿಗಾಲದಲ್ಲಿ ಮಾದೇಶನ ಅಪ್ಪ ತೀರಿಕೊಂಡ ಸುದ್ದಿ ಬಂತು. ಪರೀಕ್ಷೆಯ ಕೆಲಸವೆಂದು ಮಣ್ಣಿಗೆ ಹೋಗಲಿಲ್ಲ, ಹನ್ನೊಂದನೆಯ ದಿನದ ತಿಥಿಗೆ ಹೋದರಾಯಿತು ಎಂದುಕೊಂಡೆ. ಅದೇ ವಾರ ವಾಣಿಜ್ಯ ವಿಭಾಗದ ಮೇಡಂ ಒಂದು ಪೆನ್‌ಡ್ರೈವ್ ತಂದರು. ನನ್ನ ಯಂತ್ರದಲ್ಲಿ ಅದೂ ಸತ್ತಿತು. ಅದರ ಮಾರನೆಯ ದಿನ ಗುಮಾಸ್ತರ ಹೊಸ ಪೆನ್‌ಡ್ರೈವ್, ಪೊಟ್ಟಣದಿಂದ ಆಗಷ್ಟೇ ತೆಗೆದದ್ದು, ಅದೂ ಸತ್ತಿತು. ಒಂದೇ ಮಂಚದ ಮೇಲೆ ಮೂವರು ರೋಗಿಗಳು ಸತ್ತರೆ ರೋಗಿಯನ್ನು ಬಿಟ್ಟು ಮಂಚವನ್ನು ನೋಡಬೇಕು. ಕರ್ನಲ್ಲಿನ ಪ್ರಶ್ನೆಗಳನ್ನು ಮತ್ತೆ ತೆರೆದು, ಈ ಸಲ ಟಿಪ್ಪಣಿಗಳನ್ನು ಓದಿದೆ. ಪೆನ್‌ಡ್ರೈವಿನ ಪ್ರಶ್ನೆಯ ಪಕ್ಕದಲ್ಲೇ ಎರಡು ಸಾಲು ಇತ್ತು. ಅದು ನಡೆಯಬೇಕಾದರೆ ಸ್ಕಸಿ ಡಿಸ್ಕಿಗೂ ವೈ ಎನ್ನಬೇಕು, ಯಾಕೆಂದರೆ ಪೆನ್‌ಡ್ರೈವ್ ಕರ್ನಲ್ಲಿನ ಬಾಗಿಲಿಗೆ ಬರುವುದೇ ಸ್ಕಸಿ ಮನೆತನದ ಹೆಸರು ಹೇಳಿಕೊಂಡು. ಆ ಹೆಸರಿನವರನ್ನು ಒಳಗೆ ಬಿಡಬೇಡ ಎಂದು ಹೇಳಿಟ್ಟವನು ನಾನು. ಎನ್ ಅನ್ನು ವೈ ಮಾಡಿ ಮತ್ತೆ ಕಟ್ಟಿದೆ. ಮೇಡಂ ಅವರದೂ ಗುಮಾಸ್ತರದೂ ಎದ್ದು ಕೂತವು.

ನನಗೆ ನಾಚಿಕೆಯಾಗಲಿಲ್ಲ, ಸಂತೋಷವಾಯಿತು. ಮಾದೇಶನ ಪೆನ್‌ಡ್ರೈವ್ ಸಿಡಿಲಿಗೆ ಸುಡದೆ ಉಳಿದದ್ದರಿಂದಲೇ ಅದರ ಹೆಸರು ಪರದೆಗೆ ಬಂದಿತ್ತು, ದೀಪ ಮಿಣುಕಿತ್ತು. ಮಾದೇಶನ ಅಪ್ಪನ ಮಾತೆಲ್ಲ ಹಾಗೇ ಇದೆ! ತಿಥಿಯ ದಿನ ತೆರಕಣಾಂಬಿ ಬಸ್ಸಿನಲ್ಲಿ ಕೂತು, ಸಾವಿನ ಮನೆಗೆ ಹೋಗುತ್ತಿದ್ದೇನೆಂಬುದನ್ನೂ ಮರೆತು ನಗುತ್ತಿದ್ದೆ. ಪಕ್ಕದವರು ಏನೆಂದುಕೊಂಡರೋ.

ಮನೆಯ ಮುಂದೆ ಚಪ್ಪರ, ಊಟದ ಪಂಕ್ತಿ. ತಲೆ ಬೋಳಿಸಿಕೊಂಡಿದ್ದ ಮಾದೇಶ ನನ್ನನ್ನು ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ಹುಲ್ಲಿನ ಮೆದೆಯ ಪಕ್ಕ ಕೂರಿಸಿದ. ಅಪ್ಪನ ಕಡೆಯ ದಿನಗಳನ್ನು ಹೇಳಿದ. ನಾನು ತಡೆಯಲಾರದೆ, ಆ ಪೆನ್‌ಡ್ರೈವ್ ಎಲ್ಲಿ ಎಂದು ಕೇಳಿದೆ. ಅವನ ಕೈ ತನ್ನಷ್ಟಕ್ಕೆ ಕುತ್ತಿಗೆಯ ಕಡೆ ಹೋಗಿ ಬಂತು.

"ಅಪ್ಪನ ಜೋಬಿಗೆ ಹಾಕ್ಬುಟ್ಟೆ ಸಾ. ಎಲೆ ಅಡಿಕೆ ಮಡಗ್ತರಲ್ಲ ಗುಂಡೀಲಿ, ಅದ್ರ ಜೊತ್ಗೆ. ಎಂಗೂ ಸತ್ತಿತ್ತಲ್ಲ. ಮಾತು ಅಪ್ಪನ್ದೇ ತಾನೆ, ಅವನ ಜೊತ್ಗೇ ಓಗ್ಲಿ ಅಂತ."

ನಮ್ಮ ಕಡೆ ಹೂಳುವಾಗ ಸತ್ತವರಿಗೆ ಪ್ರೀತಿಯಾದದ್ದನ್ನು ಜೊತೆಗಿಡುವುದು ನಿಮಗೆ ಗೊತ್ತಿರಬಹುದು. ಮಣ್ಣು ಮಾಡಿ ಹತ್ತು ದಿನವಾಗಿತ್ತು. ಅವರ ಹೊಲದ ಅಂಚಿನಲ್ಲಿ ಹೊಸ ಮಣ್ಣಿನ ದಿಬ್ಬ ಕೂತಲ್ಲಿಂದಲೇ ಕಾಣುತ್ತಿತ್ತು. ಯಾಕೆ ಕೇಳಿದಿರಿ ಎಂದ. ಸುಮ್ಮನೆ ಎಂದೆ. ಅವನು ಮೆದೆಯಿಂದ ಒಂದು ಹುಲ್ಲುಕಡ್ಡಿ ಎಳೆಯುತ್ತಾ ಕೇಳಿದ:

"ಅವತ್ತು ಲೈಟು ಮಿಣುಕ್ತಿತ್ತಲ್ಲ ಸಾ. ಅದು ನಿಜ್ವಾಗೂ ಸತ್ತೋಗಿತ್ತಾ?"

"ಸತ್ತಿತ್ತು ಮಾದೇಶ್."

ಮೊದಲನೆಯ ಸಲ ಗೊತ್ತಿಲ್ಲದೆ ಹೇಳಿದ್ದೆ, ಈ ಸಲ ಗೊತ್ತಿದ್ದೇ ಹೇಳಿದೆ. ಅಪ್ಪನ ಗುಂಡಿ ಅಗೆಯುವ ಸಂಕಟ ಅವನಿಗೆ ಬೇಡ, ಅವನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ಪಂಕ್ತಿಯಲ್ಲಿ ಕೂತು ಮುದ್ದೆ ಸಾರು ಊಟ ಮಾಡಿದೆ. ಅವನೇ ಬಗ್ಗಿ ಎರಡನೆಯ ಸಲ ಬಡಿಸಿದ.

ಮುಂದಿನ ವರ್ಷ ಅವನು ಕಾಲೇಜು ಬಿಟ್ಟ. ಗುಂಡ್ಲುಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ. ನಾನು ಪರ್ಮನೆಂಟಾದೆ, ಫ್ಯಾನಿನ ಕೆಳಗೆ ಕುರ್ಚಿ ಸಿಕ್ಕಿತು. ಆ ದಾರಿಯ ಬಸ್ಸು ಅವನ ಅಂಗಡಿಯ ಮುಂದೆ ನಿಂತಾಗಲೆಲ್ಲ ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡಿದ್ದೇನೆ. ಇಷ್ಟು ವರ್ಷಗಳಲ್ಲಿ ನನ್ನ ಚಪ್ಪಲಿಯಷ್ಟು ಉಪಚಾರ ಕಂಡ ಚಪ್ಪಲಿ ಜಿಲ್ಲೆಯಲ್ಲಿ ಇನ್ನೊಂದಿರಲಾರದು.

ಹೋದ ತಿಂಗಳು ಆ ಸಾಲು ಪರದೆಯ ಮೇಲೆ ಮೂಡಿದ ಮೇಲೆ ಮಾತ್ರ ಯಾಕೋ ತಡೆಯಲಾಗಲಿಲ್ಲ. ಭಾನುವಾರ ಗುಂಡ್ಲುಪೇಟೆಗೆ ಹೋಗಿ ಅಂಗಡಿಯ ಮುಂದೆಯೇ ಇಳಿದೆ. ಮಾದೇಶನ ಕೂದಲು ನರೆತಿತ್ತು, ಸಾ ಎನ್ನುವುದು ಹಾಗೇ ಇತ್ತು. ಸ್ಟೂಲು ಹಾಕಿ, ಟೀ ತರಿಸಿದ. ನಾನು ಟೀ ಮುಟ್ಟದೆ, ನಿಮಗೆ ಹೇಳಿದ ಹಾಗೆಯೇ, ಎನ್ ಒತ್ತಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನಡುವೆ ಹಂಗಳದ ಕಡೆಯ ರೈತರೊಬ್ಬರು ಚೆಂಡುಹೂವಿನ ಬೀಜಕ್ಕೆ ಬಂದರು. ಅವರಿಗೆ ಕೊಟ್ಟು ಕಳಿಸಿ ಬಂದು ಮತ್ತೆ ಕೂತ.

"ತಿಥಿ ದಿನ ನಿಮ್ಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

"ಅವತ್ತು ತೆಗ್ದಿದ್ರೆ ಬರೋದಾ?"

ಬರಬಹುದಾಗಿತ್ತು ಎಂದೆ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದಿದ್ದ ಬೀಜಗಳನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡಿದ.

"ನಾನು ಅಗೀತಿದ್ನೋ ಇಲ್ವೋ, ಗೊತ್ತಿಲ್ಲ ಸಾ. ಎತ್ತ ಅಪ್ಪನ ಗುಂಡಿ ಯಾರು ಅಗ್ದಾರು. ಅಗೀತಿರ್ನಿಲ್ಲ ಅಂತ್ಲೇ ಮಡೀಕಳಿ. ಆದ್ರೆ ಬೇಕೋ ಬ್ಯಾಡ್ವೋ ಅಂತ ನನ್ನ ಒಂದ್ಮಾತು ಕೇಳ್ಬೇಕಾಗಿತ್ತು ನೀವು."

ಇಷ್ಟು ಕಾಲ ನಾನು ಓದದೆ ಬಿಟ್ಟ ಟಿಪ್ಪಣಿಗೆ ನಾಚಿಕೊಳ್ಳುತ್ತಿದ್ದೆ. ಅದನ್ನು ಅವನು ಎತ್ತಿ ಆಡಲೂ ಇಲ್ಲ. ಅಷ್ಟರಲ್ಲಿ ಬಸ್ಸು ಬಂತು. ನಾನು ಎದ್ದಾಗ ಅವನೂ ಎದ್ದ, ಆದರೆ ಮತ್ತೆ ಬನ್ನಿ ಎನ್ನಲಿಲ್ಲ.