ಅವ್ವನ ಮುಷ್ಟಿಗೊಂದು ಗಾಜಿನ ಕಲ್ಲು

ಲಕ್ವ ಹೊಡೆದ ಮೇಲೆ ನಮ್ಮವ್ವನಿಗೆ ಮೊದಲು ಮಾತು ಮರಳಿತು, ಆಮೇಲೆ ಕಾಲು. ಬಲಗೈ ಮಾತ್ರ ಅರ್ಧ ದಾರಿಯಲ್ಲೇ ನಿಂತಿತು. ತೋಳು ಎತ್ತುತ್ತಾಳೆ, ಮೊಣಕೈ ಮಡಿಸುತ್ತಾಳೆ, ಆದರೆ ಬೆರಳುಗಳು ಪೂರ್ತಿ ಬಿಚ್ಚುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲ. ಬುಕ್ಕಸಾಗರದ ಗದ್ದೆಗಳಲ್ಲಿ ಆಯುಷ್ಯವೆಲ್ಲ ಭತ್ತದ ಸಸಿ ಹಚ್ಚಿದ ಕೈ ಅದು. ಕೆಸರಲ್ಲಿ ನಿಂತು ನಿಂತು ಹಿಮ್ಮಡಿ ಒಡೆದದ್ದಕ್ಕೆ ಅವಳು ಯಾವತ್ತೂ ಮುಲಾಮು ಹಚ್ಚಿದವಳಲ್ಲ. ಮೈ ತೊಳೆಯುವಾಗ ಸುಟ್ಟು ಕರ್ರಗಾದ ಇಟ್ಟಿಗೆ ಚೂರಿನಿಂದ ಗಸಗಸ ಉಜ್ಜುತ್ತಿದ್ದಳು, ಅಷ್ಟೇ. ಹಿಮ್ಮಡಿ ಉಜ್ಜದ ಸ್ನಾನ ಅವಳ ಪಾಲಿಗೆ ಸ್ನಾನವೇ ಅಲ್ಲ.

ಹೊಸಪೇಟೆಯ ನಮ್ಮ ಮನೆಗೆ ಕರೆತಂದ ಮೇಲೆ ಅವಳ ಮೈ ತೊಳೆಯುವ ಕೆಲಸ ನನ್ನದಾಯಿತು. ತಲೆ ಕೊಡುತ್ತಾಳೆ, ಬೆನ್ನು ಕೊಡುತ್ತಾಳೆ, ಕಾಲಿನ ಹತ್ತಿರ ಹೋದರೆ ಸರಕ್ಕನೆ ಎಳೆದುಕೊಳ್ಳುತ್ತಾಳೆ.

"ಹೆಣ್ಮಗಳ ಕೈಲೆ ಕಾಲು ಉಜ್ಜಿಸ್ಕೊಂಡು ಯಾವ ಪುಣ್ಯ ಕಟ್ಕೊಳ್ಳಲಿ? ಬ್ಯಾಡ. ನನ್ನ ಮೈ ನಾನಾ ತೊಳ್ಕೊಂಡ್ರ ಮನುಷ್ಯಾಳು ಅನ್ನಿಸ್ತೈತಿ, ನೀ ಸರಿ."

ಸರಿಯುವುದು ಹೇಗೆ? ಸ್ಟೂಲಿನ ಮೇಲೆ ಕೂತು ಕಾಲು ಎತ್ತಬೇಕೆಂದರೆ ಎಡಗೈಯಲ್ಲಿ ಗೋಡೆಯ ಸರಳು ಹಿಡಿಯದಿದ್ದರೆ ಆಗದು. ಬಲಗೈಗೆ ಇಟ್ಟಿಗೆ ಚೂರು ಸಿಕ್ಕಿಸಿದರೆ ಅದರ ಭಾರಕ್ಕೆ ಜಾರುತ್ತದೆ. ಒಮ್ಮೆ ಜಾರಿದ್ದನ್ನು ಹಿಡಿಯಲು ಬಾಗಿ ಮುಗ್ಗರಿಸಿದ್ದಳು. ಅಂಗಡಿಯಿಂದ ಪ್ಲಾಸ್ಟಿಕ್ ಬ್ರಷ್ ತಂದುಕೊಟ್ಟೆ, "ಇದು ಚಪ್ಪಲಿ ಉಜ್ಜೋದು" ಅಂತ ಬಚ್ಚಲ ಮೂಲೆಗೆ ಎಸೆದಳು. ಆ ಮುಷ್ಟಿಯಲ್ಲಿ ತಾನಾಗಿ ನಿಲ್ಲುವ, ಹತ್ತಿಯಷ್ಟು ಹಗುರಾದ, ಇಟ್ಟಿಗೆಯಷ್ಟು ಒರಟಾದ ಕಲ್ಲೊಂದು ಸಿಗುವವರೆಗೂ ಅವಳನ್ನು ಒಬ್ಬಳೇ ಬಿಡುವಂತಿರಲಿಲ್ಲ. ಅಲ್ಲಿಯವರೆಗೂ ನಮ್ಮಿಬ್ಬರ ಜಗಳ ತಪ್ಪುವಂತೆಯೂ ಇರಲಿಲ್ಲ.

ಅಂಥ ಕಲ್ಲು ಹಂಪಿಯಲ್ಲಿ ಕಣ್ಣಿಗೆ ಬಿತ್ತು. ಹಂಪಿ ಅಂದ ಕೂಡಲೇ ಕಲ್ಲಿಗೇನು ಬರ ಎನ್ನಬೇಡಿ, ಇದು ಗಾಜಿನದು. ಸಂಡೂರಿನ ಕಡೆಯ ಗಣಿಯೊಂದರ ಲ್ಯಾಬಿನಲ್ಲಿ ಅದಿರಿನ ಮಾದರಿ ಕಾಯಿಸುವುದು, ತೂಗುವುದು ನನ್ನ ಕೆಲಸ. ಕುಲುಮೆಯೆಂದರೆ ನನಗೆ ಮನೆಯ ಒಲೆ ಇದ್ದ ಹಾಗೆ. ಹಂಪಿಯ ಗೆಸ್ಟ್ ಹೌಸೊಂದರ ಹಿತ್ತಲಲ್ಲಿ, ಬಾಳೆತೋಟಕ್ಕೆ ಅಂಟಿಕೊಂಡಂತೆ, ಬೆಂಗಳೂರಿನ ಕಲಾವಿದೆಯೊಬ್ಬರು ಭಾನುವಾರಗಳಲ್ಲಿ ಗಾಜಿನ ಕೆಲಸ ಕಲಿಸುತ್ತಾರೆಂದು ಕೇಳಿ, ಮನೆಯ ಬೇಸರ ಕಳೆಯಲೆಂದೇ ಸೇರಿದ್ದೆ. ಪ್ರವಾಸಿಗರು ಬಿಟ್ಟುಹೋದ ಖಾಲಿ ಬಾಟಲಿಗಳೇ ನಮ್ಮ ಕಚ್ಚಾ ಮಾಲು. ಒಂದು ದಿನ ಮೇಡಂ ಬೂದುಬಣ್ಣದ ಗಟ್ಟಿಯೊಂದನ್ನು ಬಕೆಟ್ಟಿನ ನೀರಿಗೆ ಹಾಕಿದರು. ತೇಲಿತು! ಗಾಜಿನ ಪುಡಿಗೆ ಮೊಟ್ಟೆ ಚಿಪ್ಪಿನ ಪುಡಿ ಒಂದಿಷ್ಟು ಬೆರೆಸಿ ಎಂಟುನೂರು ಡಿಗ್ರಿ ದಾಟಿಸಿದರೆ, ಚಿಪ್ಪು ಬಿಡುವ ಗಾಳಿ ಕರಗಿದ ಗಾಜಿನೊಳಗೆ ಸಿಕ್ಕಿಕೊಂಡು ನೊರೆಯಾಗುತ್ತದಂತೆ. ಆ ನೊರೆ ಹಾಗೇ ಗಟ್ಟಿಯಾದರೆ ನೊರೆಗಾಜು. ಕೈಗೆ ತೆಗೆದುಕೊಂಡು ಬೆರಳಾಡಿಸಿದೆ. ಹಗುರ, ಒರಟು.

"ಮೇಡಂ, ಇದರಾಗ ಹಿಮ್ಮಡಿ ಉಜ್ಜೋ ಕಲ್ಲು ಮಾಡಬಹುದೇನ್ರಿ?"

ಅವರು ನಕ್ಕರು. ಗೋಡೆಗೆ ತೂಗುಹಾಕುವ ಕಲಾಕೃತಿ ಅವರ ಮನಸ್ಸಿನಲ್ಲಿತ್ತು. ಅವ್ವನ ಕಥೆ ಹೇಳಿದ ಮೇಲೆ ನಗು ನಿಲ್ಲಿಸಿ, "ಹಲಗೆಯ ಥರ ಚಪ್ಪಟೆ ಮಾಡೋದು ಸುಲಭ. ಮುಷ್ಟಿಯ ಆಕಾರಕ್ಕೆ ದಪ್ಪವಾಗಿ ಎರಕ ಹೊಯ್ಯೋದು ಕಷ್ಟ. ನೊರೆ ಯಾರ ಮಾತೂ ಕೇಳಲ್ಲ, ನಾನೂ ಮಾಡಿಲ್ಲ" ಎಂದರು. ಯಾರ ಮಾತೂ ಕೇಳದವಳ ಹೊಟ್ಟೆಯಲ್ಲಿ ಹುಟ್ಟಿದವಳು ನಾನು, ನೊರೆಗೆ ಹೆದರುತ್ತೇನೆಯೇ?

ಮುಷ್ಟಿಯ ಅಚ್ಚು ಬೇಕಿತ್ತು. ಚಪಾತಿ ಹಿಟ್ಟು ಕಲಸಿ, ಅವ್ವನ ಮುಂದೆ ಉಂಡೆ ಹಿಡಿದೆ.

"ಅಮುಕು."

"ಯಾತಕ್ಕ?"

"ಹಿಮ್ಮಡಿ ಕಲ್ಲಿಗೆ."

"ಉಣ್ಣೋ ಹಿಟ್ಟನ್ನ ಕಾಲಿಗೆ ತರ್ತೀಯೇನಲೇ? ತಲಿ ಕೆಟ್ಟೈತೇನ ನಿನಗ?"

ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಎಷ್ಟು ಬೇಡಿದರೂ ತೆಗೆಯಲಿಲ್ಲ. ಆ ಸಂಜೆ ಹಿಟ್ಟು ಚಪಾತಿಯಾಯಿತು. ಮರುದಿನ ಬುಕ್ಕಸಾಗರಕ್ಕೆ ಹೋಗಿ ಕಾಲುವೆ ದಂಡೆಯ ಜಿಗುಟು ಮಣ್ಣು ತಂದೆ. ಮಣ್ಣಿಗೆ ಅವಳ ತಕರಾರಿರಲಿಲ್ಲ. ಎಡಗೈಯಿಂದ ತಾನೇ ಬಲಮುಷ್ಟಿಯೊಳಗೆ ತುರುಕಿಕೊಂಡು, ನಾಲ್ಕು ಬೆರಳಿನ ಗುರುತು ಮೂಡಿಸಿಕೊಟ್ಟಳು. ಅದರ ಸುತ್ತ ಪ್ಲಾಸ್ಟರ್ ಮತ್ತು ಕಾವು ತಡೆಯುವ ಬೆಣಚುಕಲ್ಲಿನ ಪುಡಿ ಕಲಸಿ ಹೊಯ್ದು, ಗಟ್ಟಿಯಾದ ಮೇಲೆ ಮಣ್ಣು ಕೆದಕಿ ತೆಗೆದರೆ ಅಚ್ಚು ಸಿದ್ಧ. ಬೆರಳಿನ ಗುರುತು ತಳಕ್ಕೆ, ಹಿಮ್ಮಡಿಗೆ ತಾಗುವ ಭಾಗ ಮೇಲಕ್ಕೆ, ತೆರೆದಂತೆ. ಒಂದೊಂದು ಸಲಕ್ಕೂ ಒಂದೊಂದು ಅಚ್ಚು ಒಡೆಯಬೇಕಾದ್ದರಿಂದ ಹೀಗೆ ಹಲವು ಮಾಡಿಟ್ಟೆ.

ಲ್ಯಾಬಿನವರು ಗುಜರಿಗೆ ಹಾಕಲಿದ್ದ ಸಣ್ಣ ಕುಲುಮೆಯನ್ನು ಕೇಳಿ ತಂದೆ. ನಮ್ಮೆಜಮಾನರು ಮೋಟರ್ ರಿವೈಂಡಿಂಗ್ ಮಾಡುವವರು, ಗೊಣಗುತ್ತಲೇ ಅದರ ಕಾಯಿಲ್ ಬದಲಿಸಿದರು. ಬೀದಿಯ ಎಗ್‌ರೈಸ್ ಗಾಡಿಯಿಂದ ಚಿಪ್ಪು ಬಂತು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬಾಟಲಿ ಕುಟ್ಟಿದೆ, ಜರಡಿ ಹಿಡಿದೆ. ಎರಡೂ ಪುಡಿ ಬೆರೆಸಿ ಮೊದಲು ಹಣತೆಯಷ್ಟು ಸಣ್ಣ ಅಚ್ಚಿನಲ್ಲಿ ಕಾಯಿಸಿ ನೋಡಿದೆ. ದೋಸೆ ಹಿಟ್ಟಿನ ಹಾಗೆ ಉಬ್ಬಿ ಬಂದಿತ್ತು, ಒಡೆದರೆ ಒಳಗೆಲ್ಲ ಒಂದೇ ಸಮನಾದ ತೂತುಗಳು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಅಂತ ಅವ್ವ ಕಲಿಸಿದ್ದು. ಲ್ಯಾಬಿನಲ್ಲೂ ಲಾರಿ ಅದಿರಿಗೆ ಒಂದು ಚಮಚ ಮಾದರಿ ತೆಗೆದೇ ನಾವು ತೀರ್ಪು ಕೊಡುವುದು. ಅದೇ ಬಿಸಿ, ಅದೇ ಹೊತ್ತು ಇಟ್ಟು ಮುಷ್ಟಿಯ ಅಚ್ಚನ್ನು ಕಾಯಿಸಿದೆ.

ಹೊರಗೆ ಚಂದದ ನೊರೆ. ಕೊಯ್ದು ನೋಡಿದರೆ ನಡುವೆ ಹಸಿ ಗಾಜಿನ ಪುಡಿ ಬಳಬಳ ಉದುರಿತು. ಈ ಅನ್ನಕ್ಕೆ ಒಂದು ಅಗುಳಿನ ನ್ಯಾಯ ನಡೆಯುವುದಿಲ್ಲ. ಸಣ್ಣದು ಬೇಯುವ ಬಿಸಿಗೆ ದಪ್ಪದ್ದರ ಹೊಟ್ಟೆಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಹಾಗಾದರೆ ಹೆಚ್ಚು ಹೊತ್ತು ಇಡೋಣವೆಂದು ಇಟ್ಟೆ. ಒಳಗಿನದು ಉಬ್ಬುವಷ್ಟರಲ್ಲಿ ಹೊರಗಿನ ನೊರೆ ಒಡೆದು ಕುಸಿದು, ಉಬ್ಬದೆ ಕೂತ ಇಡ್ಲಿಯಂತಾಯಿತು. ಅವತ್ತು ಕಣ್ಣಲ್ಲಿ ನೀರು ಬಂತು. ಸಿಟ್ಟಿಗೆ ಬಂದದ್ದು, ದುಃಖಕ್ಕಲ್ಲ.

ಮೇಡಂಗೆ ಫೋನು ಮಾಡಿದರೆ, "ಚಪ್ಪಟೆ ಮಾಡಿ ಅಂದೆನಲ್ಲ" ಎಂದರು.

"ನಮ್ಮವ್ವನ ಮುಷ್ಟಿ ಚಪ್ಪಟಿ ಇಲ್ಲರೀ ಮೇಡಂ" ಎಂದು ಫೋನಿಟ್ಟೆ. ಆಮೇಲೆ ನಾನೇ ಮತ್ತೆ ಮಾಡಿ ಕ್ಷಮೆ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಇಬ್ಬರೂ ಕೂಡಿ ಯೋಚಿಸೋಣ ಎಂದರು. ನೊರೆ ಏಳುವ ಮೊದಲೇ, ಬಿಸಿ ಇನ್ನೂ ಕಡಿಮೆಯಿರುವಾಗ, ಕುಲುಮೆಯನ್ನು ಅದೇ ಬಿಸಿಯಲ್ಲಿ ಹಿಡಿದಿಟ್ಟು ಒಳಗೂ ಹೊರಗೂ ಒಂದೇ ಕಾವು ಬರುವವರೆಗೆ ಕಾಯುವುದು, ಆಮೇಲೆ ಮೇಲೇರಿಸುವುದು ಎಂದು ತೀರ್ಮಾನಿಸಿದೆವು.

ಅದು ಫಲಿಸಿತು. ಇಣುಕು ಕಿಂಡಿಯಿಂದ ನೋಡಿದರೆ ಅಚ್ಚಿನ ಅಂಚು ದಾಟಿ ನೊರೆ ಉಬ್ಬಿ ನಿಂತಿದೆ! ಆರಿಸಿ ಕೂತವಳಿಗೆ ಕಾಯಲಾಗಲಿಲ್ಲ. ಕೈಗವಸು ಹಾಕಿ ಬಾಗಿಲು ತೆಗೆದೆ. ಟಣ್ ಎಂದು ಸದ್ದಾಯಿತು. ಕಲ್ಲು ಎರಡು ಹೋಳು. ವರಾಂಡದಲ್ಲಿ ಕೂತಿದ್ದ ಅವ್ವ ಸದ್ದು ಕೇಳಿ ತಿರುಗಿ ನೋಡಿದಳು.

"ಅಡೋ ತನಕ ತಾಳಿದಾಕಿಗೆ ಆರೋ ತನಕ ತಾಳಾಕಾಗಲಿಲ್ಲೇನ?"

ಮುಂದಿನ ಸಲ ಬಾಗಿಲು ಮುಟ್ಟದೆ ಕೂತೆ. ಆದರೂ ಕೂದಲೆಳೆಯಷ್ಟು ಬಿರುಕು ಬಂತು. ಕುಲುಮೆಯ ಗೋಡೆ ತೆಳುವಾಗಿದ್ದರಿಂದ ಅದು ತನ್ನಷ್ಟಕ್ಕೇ ಬೇಗ ತಣಿಯುತ್ತಿತ್ತು. ಬಿಸಿ ಹಿಡಿದಿಡುವ ಹೊದಿಕೆ ಬೇಕಿತ್ತು. ಕಂಪ್ಲಿಯ ಅಕ್ಕಿ ಗಿರಣಿಗಳ ಹಿಂದೆ ಹೊಟ್ಟಿನ ಬೂದಿ ಗುಡ್ಡೆಗುಡ್ಡೆ ಬಿದ್ದಿರುತ್ತದೆ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಎಷ್ಟೋ ಹೊತ್ತು ಆರದೆ ಇರುತ್ತದೆಂದು ಆ ಕಡೆಯವರೆಲ್ಲ ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಪೂರ್ತಿ ಆರಿದ್ದನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಕೆಕ್ಕರಿಸಿ ನೋಡಿದ, ನೋಡಲಿ. ಕುಲುಮೆಯ ಸುತ್ತ ದೊಡ್ಡ ತಗಡಿನ ಡಬ್ಬಿ ಮಾಡಿಸಿ, ವೈರುಗಳಿರುವ ಬದಿ ಬಿಟ್ಟು ಉಳಿದೆಡೆಯೆಲ್ಲ ಬೂದಿ ತುಂಬಿದೆವು.

"ಕುಲುಮಿಗೂ ಕಂಬಳಿ ಹೊಚ್ಚಿದಿ ನೋಡು" ಎಂದರು ನಮ್ಮೆಜಮಾನರು.

ಬೆಳಿಗ್ಗೆ ಹೊತ್ತಿಸಿ, ನೊರೆಯೇಳಿಸಿ, ಆರಿಸಿ, ಕುಲುಮೆಯತ್ತ ಬೆನ್ನು ಮಾಡಿ ಬೇರೆ ಕೆಲಸಕ್ಕೆ ಹೋದೆ. ಮರುದಿನವೂ ತೆಗೆಯಲಿಲ್ಲ. ಡಬ್ಬಿಯ ತಗಡು ಕೈಗೆ ತಣ್ಣಗೆ ಹತ್ತಿದ ಮೇಲೆಯೇ ಬಾಗಿಲು ತೆಗೆದೆ. ಅಚ್ಚು ಒಡೆದು, ಕಲ್ಲನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿದೆ. ಬಿರುಕಿನ ಸದ್ದಿರಲಿಲ್ಲ. ಅಂಚು ದಾಟಿ ಉಬ್ಬಿದ್ದನ್ನು ಗರಗಸದಿಂದ ಕೊಯ್ದೆ, ಆ ಕಡೆ ತೂತುಗಳು ತೆರೆದು ಒರಟಾದವು. ಬೆರಳಿನ ಗುರುತಿದ್ದ ಕಡೆ ನುಣುಪಾಗಿಯೇ ಉಳಿಯಿತು. ಒದ್ದೆ ಉಜ್ಜುಕಾಗದದಿಂದ ಅಂಚು ತೀಡಿ, ಎಷ್ಟೋ ಸಲ ತೊಳೆದು, ಮೊದಲು ನನ್ನ ಹಿಮ್ಮಡಿಗೆ ಉಜ್ಜಿ ನೋಡಿಕೊಂಡೆ. ಗೀರಲಿಲ್ಲ.

ಅವ್ವ ಸ್ಟೂಲಿನ ಮೇಲೆ ಕೂತಿದ್ದಳು. ಹೆಬ್ಬೆರಳಿನ ಕಡೆಯಿಂದ ಕಲ್ಲನ್ನು ಮುಷ್ಟಿಯೊಳಗೆ ಸರಿಸಿದೆ. ನಾಲ್ಕೂ ಬೆರಳು ತಮ್ಮ ತಮ್ಮ ಗುಳಿಯಲ್ಲಿ ಕೂತವು. ಅವಳು ತೋಳನ್ನು ಜಾಡಿಸಿದಳು, ಬೀಳಲಿಲ್ಲ. ಇನ್ನೊಮ್ಮೆ ಜೋರಾಗಿ ಜಾಡಿಸಿದಳು. ಬೀಳಲಿಲ್ಲ. ಎಡಗೈಯಲ್ಲಿ ಸರಳು ಹಿಡಿದು, ಕಾಲನ್ನು ಮೊಣಕಾಲಿನ ಮೇಲೆ ಹಾಕಿಕೊಂಡು ಹಿಮ್ಮಡಿಗೆ ಕಲ್ಲು ತಾಗಿಸಿದಳು. ಗಸಗಸ. ಬೂದುಬಣ್ಣದ ನೀರು ಬಚ್ಚಲ ತೂಬಿನ ಕಡೆ ಹರಿಯಿತು. ತುಸು ಹೊತ್ತು ಉಜ್ಜಿ, ತಲೆ ಎತ್ತಿ ನನ್ನನ್ನು ದುರುಗುಟ್ಟಿ ನೋಡಿದಳು.

"ಇನ್ನ ಯಾಕ ನಿಂತಿ? ಹೊರಗ ಹೋಗು. ಬಾಗಲ ಮುಂದಕ ಹಾಕು."

ಹೊರಗೆ ಬಂದು ಬಾಗಿಲು ಮುಂದಕ್ಕೆ ಹಾಕಿದೆ. ಒಳಗೆ ಚೊಂಬಿನಿಂದ ನೀರು ಸುರಿದ ಸದ್ದು, ಮತ್ತೆ ಗಸಗಸ, ಮತ್ತೆ ನೀರು. ನನಗೆ ಅಳು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ. ಒಳಗಿನ ಸದ್ದು ನಿಂತಿತು.

"ಅಲ್ಲೇ ನಿಂತೀಯೇನಲೇ?"

"ಇಲ್ಲಬೇ, ಹೋದೆ" ಅಂದೆ, ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ.